ಮೂವತ್ತೊಂದರ ತೊಡೆಮೂಳೆ

ಕ್ಲುಜ್ ನಗರದ ಹಿಂಬದಿ, ಟ್ರಾಮ್ ಹಳಿ ಮುಗಿಯುವಲ್ಲಿ,
ಪಶುವೈದ್ಯ ವಿದ್ಯಾಲಯದ ಕೆಳಗಿನ ದೊಡ್ಡಿಯಲ್ಲಿ
ನನ್ನ ಕೆಲಸ ಹುಲ್ಲು, ನೀರು, ಹಿಕ್ಕೆ ಬಳಿಯುವುದು,
ಕಿವಿಗೆ ಚುಚ್ಚಿದ ಹಳದಿ ಬಿಲ್ಲೆಯ ನಂಬರು ಓದಿ ಹೇಳುವುದು.
ಹೆಸರಿಡಬೇಡ ಒನುಫ್ರಿಯೆ,
ಅಂದಿದ್ದರು ಡಾಕ್ಟರ್ ಪಿಂತ್ಯಾ ಮೊದಲ ದಿನವೇ.
ಇಟ್ಟಿಲ್ಲ.
ಮೂವತ್ತೊಂದು ಅಂದರೆ ಅದು ತಿರುಗಿ ನೋಡುತ್ತದೆ,
ಅದಕ್ಕೆ ನಾನೇನು ಮಾಡಲಿ?

ಆವತ್ತು ತೊಡೆಮೂಳೆಯ ತುದಿಗೆ ತೂತು ಕೊರೆದರು.
ತಾನಾಗಿ ಎಂದೂ ತುಂಬಿಕೊಳ್ಳದಷ್ಟು ದೊಡ್ಡದು,
ಕಾಲು ಮುರಿಯದಷ್ಟು ಸಣ್ಣದು.
ತೋಳ ಕಚ್ಚಿದ್ದು ನೋಡಿದ್ದೇನೆ, ಬೇಲಿ ತರಚಿದ್ದು ನೋಡಿದ್ದೇನೆ,
ಇಷ್ಟು ಜೋಪಾನವಾಗಿ ಅಳೆದ ಗಾಯ ನೋಡಿರಲಿಲ್ಲ.

ಸಿರಿಂಜು ಮಂಜುಗಡ್ಡೆಯ ಡಬ್ಬಿಯಲ್ಲಿತ್ತು.
ಸಿಗಡಿ ಚಿಪ್ಪಿನಿಂದ ತೆಗೆದದ್ದಂತೆ, ನೋಡಲು ಗಂಜಿತಿಳಿ.
ತಣ್ಣಗಿದ್ದಾಗ ಹರಿಯುತ್ತದೆ, ಮೈಬಿಸಿ ತಾಗಿದರೆ ಗಟ್ಟಿ ಎಂದು
ಹುಡುಗರು ಕಣ್ಣರಳಿಸಿ ಹೇಳಿಕೊಟ್ಟರು.
ನನಗೇನು ಬೆರಗು?
ನಲವತ್ತು ಬೇಸಿಗೆ ಬೆಟ್ಟದ ಮೇಲೆ
ಕುರಿಮರಿಯ ಜಠರದ ಹೆಪ್ಪು ಹಾಕಿ
ಉಗುರುಬೆಚ್ಚನೆಯ ಹಾಲಿನಲ್ಲಿ ಮೊಣಕೈವರೆಗೆ ಅದ್ದಿ ಕಾದವನು.
ಒಳಗೊಳಗೇ ಕೈ ಹಿಡಿದುಕೊಂಡು ನಿಲ್ಲುತ್ತದೆ. ಅಷ್ಟೆ.

ಅದರೊಳಗೆ ಔಷಧಿಯ ಕಣ ಬಚ್ಚಿಟ್ಟಿದ್ದಾರೆ,
ದಿನಕ್ಕಿಷ್ಟು ಎಂದು ಬಿಡುತ್ತದಂತೆ.
ಇದೂ ಗೊತ್ತು.
ಉಪ್ಪು ಬೊಗಸೆಯಲ್ಲಿ ಕೊಟ್ಟರೆ ಕುರಿ ಕೆಡುತ್ತದೆ;
ಕಲ್ಲಾಗಿ ಕೊಡು, ನೆಕ್ಕಿಕೊಳ್ಳುತ್ತದೆ ಬೇಸಿಗೆಯುದ್ದಕ್ಕೂ.

ಪಕ್ಕದ ಮೂವತ್ತೆರಡಕ್ಕೂ ಅದೇ ತೂತು.
ಅದರಲ್ಲಿ ಏನೂ ತುಂಬಲಿಲ್ಲ.
ಯಾಕೆ ಅಂದೆ. ಹೋಲಿಸಲು, ಅಂದರು.
ಎರಡಕ್ಕೂ ಒಂದೇ ಅಳತೆಯ ಹುಲ್ಲು ಎಂದು ಪುಸ್ತಕದಲ್ಲಿ ಬರೆದೆ.
ಒಂದು ಹಿಡಿಯಷ್ಟು ಸುಳ್ಳು.

ಹನ್ನೆರಡು ವಾರ.
ಡಾಕ್ಟರ್ ಪರದೆಯ ಮೇಲೆ ಬೂದು ನೆರಳು ತೋರಿಸಿದರು:
ಜೆಲ್ ಕರಗಿದಷ್ಟೂ ಮೂಳೆ ಬರುತ್ತಿದೆ,
ಚರ್ಚಿನ ಬೆಂಚಿನಲ್ಲಿ ಇನ್ನೊಬ್ಬರಿಗೆಂದು ಜಾಗ ಹಿಡಿದವನು
ಅವರು ಬಂದೊಡನೆ ಸದ್ದಿಲ್ಲದೆ ಸರಿಯುವಂತೆ.
ಯಾವಾಗ ಏಳಬೇಕು ಎನ್ನುವುದೇ ಕಷ್ಟವಂತೆ:
ಮುಂಚೆ ಎದ್ದರೆ ಹಳ್ಳ, ತಡವಾದರೆ ಅಡ್ಡಿ.
ಸಾಯುವವರೆಗೂ ಮಂದೆಯ ಕೋಲು ಬಿಡದ
ನನ್ನಪ್ಪನ ನೆನಪಾಯಿತು.

ಪರದೆ ಸಾಲದು, ಅಂದರು.
ಪೂರ್ತಿ ವಾಸಿಯಾಗಿದೆ ಎಂದು ತಿಳಿಯಬೇಕಾದರೆ...
ಮಾತು ಮುಗಿಸದೆ ಕೈಗವಸು ಹುಡುಕತೊಡಗಿದರು.

ಕೊನೆಯ ಬೆಳಿಗ್ಗೆ ಅದು ಕುಂಟಲಿಲ್ಲ.
ಕುಂಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.
ನಾನು ಮುಂದೆ, ಅದು ಹಿಂದೆ,
ಬಿಳಿ ಬಾಗಿಲವರೆಗೂ, ಹಗ್ಗವಿಲ್ಲದೆ.

ಎರಡು ತಿಂಗಳ ಮೇಲೆ ಮೇಲುಮಹಡಿಗೆ ಕರೆದು
ಸೂಕ್ಷ್ಮದರ್ಶಕದ ಕೆಳಗೆ ಒಂದು ಗಾಜು ಇಟ್ಟರು.
ಗುಲಾಬಿ ಬಣ್ಣ, ಸೂರ್ಯಕಾಂತಿ ಹೊಲದಷ್ಟು ಸಾಲು.
ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರು,
ತಿಳಿಯಲಿಲ್ಲ ನನಗೆ.
ತಿಳಿಯಬಾರದು ಒನುಫ್ರಿಯೆ, ಅದೇ ನೋಡು! ಅಂದರು.
ಎಂದೂ ನಗದವರು ನಗುತ್ತಿದ್ದರು.
ಗಡ್ಡೆ ತೆಗೆದ ಮಗುವಿನ ದವಡೆ, ಯಾರದೋ ಅಜ್ಜಿಯ ಸೊಂಟ,
ಚಾಕು ಬೇಡ, ಒಂದು ಸೂಜಿ ಸಾಕು ಎಂದೆಲ್ಲ ಹೇಳಿದರು.
ಸುಳ್ಳಲ್ಲ ಅದು. ನಂಬಿದೆ. ಈಗಲೂ ನಂಬುತ್ತೇನೆ.
ಮೂವತ್ತೆರಡರ ಗಾಜೂ ಪಕ್ಕದಲ್ಲಿತ್ತು.
ನೋಡಲಿಲ್ಲ.

ದೊಡ್ಡಿ ತೊಳೆಯುವಾಗ ಗೂಟದ ಬುಡದಲ್ಲಿ
ಆ ಉಪ್ಪಿನ ಕಲ್ಲು ಸಿಕ್ಕಿತು, ಅರ್ಧ ಸವೆದು.
ನಡುವೆ ಒಂದು ನುಣ್ಣನೆ ಗುಳಿ, ನಾಲಿಗೆಯ ಅಗಲ.
ಹೆಬ್ಬೆರಳಿಟ್ಟು ನೋಡಿದೆ, ಸರಿಯಾಗಿ ಕೂರುವುದಿಲ್ಲ.
ಸೋಮವಾರ ಹೊಸವು ಆರು ಬರುತ್ತವೆ,
ಅವಕ್ಕೆ ಹೊಸ ಕಲ್ಲು ಕೊಡಬೇಕೆಂದು ನಿಯಮ.
ಇದನ್ನು ಎಸೆಯಬೇಕು.
ಕೋಟಿನ ಜೇಬಿನಲ್ಲಿದೆ.